ಹಾಡುವವಳು ಬಲಕ್ಕೆ ಸರಿದಳು

ವ್ಯಾನಾಂಟಿಯ ಬಲ ಅಂಗೈ ಒಗೆಯುವ ಕಲ್ಲಿನ ಹಾಗೆ ಒರಟಾಗಿತ್ತು. ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಹಳದಿ ವ್ಯಾನನ್ನು ಓಡಿಸುವವನು ಅವಳ ಗಂಡ. ಎಡಗಡೆಯ ಬಾಗಿಲಲ್ಲಿ ನಿಂತು ಮಕ್ಕಳನ್ನು ಹತ್ತಿಸಿ ಇಳಿಸುವುದು ಅವಳ ಕೆಲಸ. ಆ ಗಾಡಿಯೊಳಗೆ ಗಂಡ ಹೆಂಡಿರ ನಡುವೆ ಮಾತು ನಡೆಯುತ್ತಿರಲಿಲ್ಲ, ನಡೆಯುವ ಹಾಗೂ ಇರಲಿಲ್ಲ. ಒಂದು ವ್ಯಾನಿನಷ್ಟು ಮಕ್ಕಳು ಒಟ್ಟಿಗೆ ಬಾಯಿ ಬಿಟ್ಟರೆ ಸಂತೆಯೂ ನಾಚಬೇಕು. ಅದಕ್ಕೇ ಅವರ ಮಾತೆಲ್ಲ ತಗಡಿನ ಮೇಲೆ. ಅವಳು ಬಾಗಿಲ ಪಕ್ಕದ ತಗಡಿಗೆ ಒಂದು ಸಲ ತಟ್ಟಿದರೆ ನಿಲ್ಲಿಸು, ಎರಡು ಸಲ ತಟ್ಟಿದರೆ ಹೊರಡು. ವರ್ಷಗಟ್ಟಲೆ ತಟ್ಟಿ ತಟ್ಟಿ, ಕೈ ಬೀಳುವ ಜಾಗದಲ್ಲಿ ಹಳದಿ ಬಣ್ಣ ಸವೆದು ಒಳಗಿನ ಬೂದು ತಗಡು ಕಾಣುತ್ತಿತ್ತು.

ಗಂಡನನ್ನು ಮಕ್ಕಳು ವ್ಯಾನಂಕಲ್ ಎನ್ನುತ್ತಿದ್ದರು. ತನ್ನ ಕಿವಿಯ ಬಗ್ಗೆ ಅವನಿಗೆ ಎಲ್ಲಿಲ್ಲದ ಹೆಮ್ಮೆ. ಎದುರಿನಿಂದ ಬರುವ ಲಾರಿಯ ಸದ್ದು ಕೇಳಿ, "ಬೇರಿಂಗ್ ಹೋಗ್ತಾ ಇದೆ. ಪಾಪ, ಓಡಿಸೋನಿಗೇ ಗೊತ್ತಿಲ್ಲ," ಎನ್ನುತ್ತಿದ್ದ. ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕಿದರೆ ಊಟ ಬಿಟ್ಟು ಏಳುತ್ತಿದ್ದ. "ಹಿತ್ತಾಳೆ ಕಿವಿಯವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ ಕಣೇ. ನಂದು ಚಿನ್ನದ್ದು," ಎಂದು ಕೊಚ್ಚಿಕೊಳ್ಳುವುದೂ ಇತ್ತು. ಅವಳು ನಕ್ಕು, "ಹಾಗಾದ್ರೆ ಬಿಚ್ಚಿಡಿ, ಕಳ್ಳಕಾಕರ ಭಯ," ಎನ್ನುತ್ತಿದ್ದಳು.

ಇಂಥ ಕಿವಿಗೆ ದಿನವಿಡೀ ಮಕ್ಕಳ ಕಿರುಚಾಟ. ಹಾಗಾಗಿ ಸಂಜೆ ಮನೆಗೆ ಬಂದರೆ ಅವನಿಗೆ ಒಂದಿಷ್ಟು ಒಳ್ಳೆಯ ಹಾಡು ಬೇಕಿತ್ತು. ಮನೆ ಖಾಲಿ ಮಾಡುತ್ತಿದ್ದವರ ಹತ್ತಿರ ಹಳೆಯ ಹೋಮ್ ಥಿಯೇಟರ್ ಒಂದನ್ನು ಕೊಂಡು ತಂದ. ಮುಂದಿನ ಎರಡು ಪೆಟ್ಟಿಗೆಗಳು ಎದೆಯೆತ್ತರ. ನಡುವಿನದು ಮತ್ತು ಹಿಂದಿನವು ಚಿಕ್ಕವು. ಗುಡುಗುವುದಕ್ಕೆಂದೇ ಇನ್ನೊಂದು ದಪ್ಪ ಪೆಟ್ಟಿಗೆ. ಮೊದಲ ದಿನ ಎಲ್ಲವನ್ನೂ ಜೋಡಿಸಿ ಸಿನಿಮಾ ಹಾಕಿದಾಗ ಬೆನ್ನ ಹಿಂದೆ ಮಳೆ ಸುರಿಯಿತು. ಅವಳು ಒಣಹಾಕಿದ ಬಟ್ಟೆ ತರಲು ಹೊರಗೆ ಓಡಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ಹಾಡು ಹಾಕಿ ನೋಡಿದ ಮೇಲೆ ಮುಖ ಸಿಂಡರಿಸಿದ.

"ಹಾಡೋರು ಎದುರಿಗೆ ನಿಂತು ಹಾಡ್ಬೇಕು. ಬೆನ್ನ ಹಿಂದಿಂದ ಬಂದ್ರೆ ಅದು ಹಾಡಲ್ಲ, ಕಳ್ಳ."

ಹಿಂದಿನ ಪೆಟ್ಟಿಗೆಗಳ ವೈರು ಕಿತ್ತ. ನಡುವಿನದಕ್ಕೂ ರಜೆ ಕೊಟ್ಟ. ಮುಂದಿನ ಎರಡನ್ನೇ ಇಟ್ಟುಕೊಂಡು ಸ್ಟೀರಿಯೊಗೆ ತಿರುಗಿಸಿದ. ಆಮೇಲೆ ಶುರುವಾಯಿತು ನೋಡಿ ಅವನ ತಪಸ್ಸು. ಭಾನುವಾರ ಬಂತೆಂದರೆ ನೆಲದ ಮೇಲೆ ಅಂಗಾತ. ಗೋಡೆಗೆ ಆನಿಸಿದರೆ ಸದ್ದು ಗುಂಯ್ ಎನ್ನುತ್ತದೆಂದು ಪೆಟ್ಟಿಗೆಗಳನ್ನು ಮುಂದಕ್ಕೆಳೆದ. ಬೋಳು ಗೋಡೆ ಸದ್ದನ್ನು ಎಸೆಯುತ್ತದೆಂದು ಅವಳ ಒಳ್ಳೆಯ ಹೊದಿಕೆಯನ್ನೇ ಅಲ್ಲಿ ತೂಗುಹಾಕಿದ. ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ದಾರ ಹಿಡಿದು, ಅದೇ ದಾರದಳತೆಯಲ್ಲಿ ಎರಡರಿಂದಲೂ ದೂರಕ್ಕೆ ಕುರ್ಚಿ ಇಟ್ಟ. ಪೆಟ್ಟಿಗೆಗಳನ್ನು ಕುರ್ಚಿಯ ಕಡೆಗೆ ಚೂರೇ ಚೂರು ತಿರುಗಿಸಿದ. ಕೊನೆಗೆ ಕುರ್ಚಿಯ ಕಾಲುಗಳಿದ್ದಲ್ಲಿ ನೆಲಕ್ಕೆ ಟೇಪು ಅಂಟಿಸಿ, "ಗುಡಿಸುವಾಗ ಸರಿಸಿದ್ರೆ ವಾಪಸ್ ಇಲ್ಲೇ ಇಡ್ಬೇಕು. ಕೂದಲೆಳೆಯಷ್ಟು ಆಚೀಚೆ ಆಗಬಾರ್ದು," ಎಂದು ಆಜ್ಞೆ ಹೊರಡಿಸಿದ.

"ನನ್ನ ಮದುವೇಲೂ ಇಷ್ಟು ಅಳತೆ ನೋಡಿರ್ಲಿಲ್ಲ," ಎಂದಳು ಅವಳು.

"ಬಾರೇ ಇಲ್ಲಿ. ಕೂತ್ಕೋ. ಕಣ್ಣು ಮುಚ್ಚು. ಹಾಡೋಳು ಎಲ್ಲಿ ನಿಂತಿದ್ದಾಳೆ, ಬೆರಳು ತೋರಿಸು."

ಅವಳು ಕಣ್ಣು ಮುಚ್ಚಿ ಬೆರಳು ತೋರಿಸಿದಳು. ಕಣ್ಣು ತೆರೆದು ನೋಡಿದರೆ ಬೆರಳು ಟಿವಿಯ ಮೇಲಿನ ಖಾಲಿ ಗೋಡೆಯ ಕಡೆಗಿತ್ತು. ಅಲ್ಲಿ ಪೆಟ್ಟಿಗೆಯೂ ಇಲ್ಲ, ಏನೂ ಇಲ್ಲ. ಎಡದಿಂದಲೂ ಅಲ್ಲ, ಬಲದಿಂದಲೂ ಅಲ್ಲ, ಹೆಂಗಸೊಬ್ಬಳು ಅಲ್ಲೇ ನಿಂತು ಉಸಿರೆಳೆದುಕೊಂಡು ಹಾಡುತ್ತಿದ್ದಳು. ವ್ಯಾನಾಂಟಿಯ ಮೈ ಜುಮ್ಮೆಂದಿತು.

"ಅಲ್ಲಿ ಯಾರೂ ಇಲ್ವಲ್ರೀ!"

"ಅದೇ ಕಣೇ ಸ್ಟೀರಿಯೊ ಅಂದ್ರೆ. ಎರಡೂ ಕಡೆ ಸಮ ಇದ್ರೆ ನಡುವೆ ಒಬ್ಬಳು ಹುಟ್ತಾಳೆ."

ಹಾಗೆ ಕೇಳುವ ಜಾಗ ಒಂದೇ, ಆ ಕುರ್ಚಿ. ಇಬ್ಬರೂ ಸರದಿಯ ಮೇಲೆ ಕೂರುತ್ತಿದ್ದರು, ಒಂದು ಹಾಡಿಗೆ ಒಬ್ಬರು. ಕುರ್ಚಿಯಲ್ಲಿ ಕೂತವರು ಕಣ್ಣು ಮುಚ್ಚಿ ತಬಲಾ ಎಲ್ಲಿ, ಕೊಳಲು ಎಲ್ಲಿ ಎಂದು ಬೆರಳು ತೋರಿಸಬೇಕು. ನೆಲದ ಮೇಲೆ ಕೂತವರು ಸರಿ ತಪ್ಪು ಹೇಳಬೇಕು. ಆ ಆಟದಲ್ಲಿ ಅವನು ಸೋತದ್ದೇ ಇಲ್ಲ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳಿಗೆ ಅತ್ಯಂತ ಸುಖ ಕೊಟ್ಟ ಸಂಜೆಗಳೆಂದರೆ ಅವೇ.

ಒಂದು ಸಂಜೆ ಅವನು ಕುರ್ಚಿಯಲ್ಲಿ ಕೂತವನು ಕಣ್ಣು ತೆರೆದು ಹುಬ್ಬು ಗಂಟಿಕ್ಕಿದ.

"ಹಾಡೋಳು ಬಲಕ್ಕೆ ಸರಿದಿದ್ದಾಳೆ."

"ಗುಡಿಸುವಾಗ ಕುರ್ಚಿ ಸರಿದಿರ್ಬೇಕು."

ಕುರ್ಚಿ ಟೇಪಿನ ಮೇಲೇ ಇತ್ತು. ಅವನು ಎಡದ ಪೆಟ್ಟಿಗೆಯನ್ನು ಒಂಚೂರು ಹತ್ತಿರಕ್ಕೆಳೆದ. ಹಾಡುವವಳು ನಡುವಿಗೆ ಬಂದಳಂತೆ. ಮುಂದಿನ ವಾರ ಮತ್ತೆ ಸರಿದಳು. ಅವನು ವೈರು ಬದಲಿಸಿದ, ಕೆಂಪು ಕಪ್ಪು ತುದಿಗಳನ್ನು ಬಿಚ್ಚಿ ಮತ್ತೆ ಕಟ್ಟಿದ, ಸದ್ದನ್ನು ಎಡಬಲಕ್ಕೆ ಹಂಚುವ ಗುಂಡಿಯನ್ನು ಎಡಕ್ಕೆ ತಿರುಗಿಸಿದ. ಆಮೇಲೆ ಇನ್ನಷ್ಟು ಎಡಕ್ಕೆ. ಬಲಗಡೆ ಕಿಟಕಿ ಇತ್ತು. "ಇವತ್ತು ಕಿಟಕಿ ಹತ್ರ ಹೋಗಿದ್ದಾಳೆ," ಎನ್ನುತ್ತಿದ್ದ. "ಹೀಗೇ ಆದ್ರೆ ಒಂದಿನ ಕಿಟಕಿ ಹಾರಿ ಹೋಗೇಬಿಡ್ತಾಳೆ." ಹೇಳುವಾಗ ನಗುತ್ತಿದ್ದ. ಆದರೆ ನಗು ಬರಬರುತ್ತ ಸಣ್ಣದಾಯಿತು.

ಅವಳ ಸರದಿ ಬಂದಾಗ ಅವಳು ಕೂತು ನೋಡಿದಳು. ಎಡ ಪೆಟ್ಟಿಗೆ ಕಿವಿಗೇ ಬಾಯಿಟ್ಟು ಅರಚಿದಂತಾಯಿತು. "ಎಡಗಡೆ ಜಾಸ್ತಿ ಆಯ್ತಲ್ರೀ," ಎಂದಳು. "ನಿನಗೇನು ಗೊತ್ತು," ಎಂದ. ಹಿಂದೆಂದೂ ಅವನು ಹಾಗೆ ಅಂದವನಲ್ಲ. ಆಮೇಲೆ ಅವಳು ಕುರ್ಚಿಯಲ್ಲಿ ಕೂರುವುದನ್ನು ಬಿಟ್ಟಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಅದೇ ದಿನಗಳಲ್ಲಿ ಅವನು ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಿಸಿದ್ದನ್ನೂ ಅವಳು ನೋಡಿದ್ದಳು. ಕೇಳಿದ್ದಕ್ಕೆ ಫೋನು ಹಳೆಯದು ಎಂದಿದ್ದ.

ಕಡೆಗೆ ರಿಪೇರಿಯವನನ್ನು ಕರೆಸಿದ. ಅವನು ಪರಿಚಯದವನೇ. ಅವನ ಮಗಳು, ಎರಡು ಜಡೆಯ ಹುಡುಗಿ, ಇದೇ ವ್ಯಾನಿನಲ್ಲಿ ಶಾಲೆಗೆ ಹೋಗುತ್ತಿದ್ದಳು. ರಿಪೇರಿಯವನು ಗುಂಡಿಯನ್ನು ನಡುವಿಗೆ ತಂದು, ತಾನೇ ಕುರ್ಚಿಯಲ್ಲಿ ಕೂತು ಕೇಳಿ, "ನಂಗೆ ಎರಡೂ ಸಮ ಕೇಳ್ತಾ ಇದೆ ಸಾರ್," ಎಂದ.

"ನಿಮ್ಮ ಕಿವಿ ಮೊದಲು ರಿಪೇರಿ ಮಾಡಿಸ್ಕೊಳ್ಳಿ," ಎಂದು ವ್ಯಾನಂಕಲ್ ನಕ್ಕ.

ಪೆಟ್ಟಿಗೆಗಳ ಪರೀಕ್ಷೆಗೆಂದೇ ಆ ಯಂತ್ರದೊಳಗೆ ಒಂದು ಸದ್ದು ಇರುತ್ತದೆ. ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದ ಹಾಗೆ ಶ್ ಎಂದು ಒಂದು ಪೆಟ್ಟಿಗೆಯಿಂದ ಬರುತ್ತದೆ, ಆಮೇಲೆ ಇನ್ನೊಂದರಿಂದ. ರಿಪೇರಿಯವನು ರಿಮೋಟ್ ಹಿಡಿದು, "ಕಣ್ಣು ಮುಚ್ಚಿ ಸಾರ್. ಎಲ್ಲಿಂದ ಬರುತ್ತೋ ಅಲ್ಲಿಗೆ ಬೆರಳು ತೋರಿಸಿ," ಎಂದ. ಅವರದೇ ಹಳೆಯ ಆಟ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಬಲ ಪೆಟ್ಟಿಗೆ ಶ್ ಎಂದಿತು. ಗಂಡನ ಬೆರಳು ಕಿಟಕಿಯ ಕಡೆ ಹೋಯಿತು. ಎಡ ಪೆಟ್ಟಿಗೆ ಶ್ ಎಂದಿತು. ಗಂಡನ ಬೆರಳು ಕಿಟಕಿಯ ಕಡೆಯೇ ಹೋಯಿತು, ಒಂದಿಷ್ಟೂ ಅನುಮಾನವಿಲ್ಲದೆ. ರಿಪೇರಿಯವನು ಇನ್ನೊಮ್ಮೆ ಎಡಕ್ಕೆ ಹಾಕಿದ. ಮತ್ತೆ ಕಿಟಕಿ. ಅವನ ಹೆಬ್ಬೆರಳು ರಿಮೋಟಿನ ಮೇಲೆ ಹಾಗೇ ನಿಂತಿತು. ಅವನು ತಲೆಯೆತ್ತಿ ಅವಳನ್ನು ನೋಡಿದ.

"ನೋಡಿದ್ರಾ?" ಎಂದು ಗಂಡ ಕಣ್ಣು ತೆರೆದ. "ಎಡದ್ದು ಕೆಲಸಾನೇ ಮಾಡ್ತಿಲ್ಲ."

"ಹಳೇ ಸೆಟ್ಟು ಸಾರ್. ನೋಡೋಣ," ಎಂದು ರಿಪೇರಿಯವನು ವೈರು ಸುತ್ತತೊಡಗಿದ. ಗೇಟಿನ ತನಕ ಬಿಡಲು ಹೋದ ಅವಳಿಗೆ, "ಅಕ್ಕಾ, ಪೆಟ್ಟಿಗೆ ಸರಿ ಇದೆ," ಎಂದಷ್ಟೇ ಹೇಳಿ ಹೋದ.

ಮರುದಿನ ಎರಡು ಜಡೆಯವಳು ಮೂಲೆಯಲ್ಲಿ ಕಾಯುತ್ತಿರಲಿಲ್ಲ. ಅವಳ ಅಪ್ಪ ಮಾತ್ರ ಸ್ಕೂಟರ್ ನಿಲ್ಲಿಸಿಕೊಂಡಿದ್ದ. "ಇನ್ಮೇಲೆ ನಾನೇ ಬಿಡ್ತೀನಿ ಅಕ್ಕಾ. ಹೇಗೂ ಅಂಗಡಿ ದಾರೀಲೇ ಅಲ್ವಾ," ಎಂದ. ಅವನ ಅಂಗಡಿ ಇದ್ದದ್ದು ಶಾಲೆಗೆ ತದ್ವಿರುದ್ಧ ದಿಕ್ಕಿನಲ್ಲಿ. ಅವಳಿಗೆ ಅವನ ಮೇಲೆ ಕೆಂಡದಂಥ ಸಿಟ್ಟು ಬಂತು. ತನ್ನ ಮಗಳಾಗಿದ್ದರೆ ತಾನೂ ಹೀಗೇ ಮಾಡುತ್ತಿದ್ದೆ ಎಂದು ಹೊಳೆದು ಸಿಟ್ಟು ಇನ್ನೂ ಏರಿತು. ಬಾಗಿಲ ಪಕ್ಕದ ಖಾಲಿ ಜಾಗವನ್ನು ಅವಳು ಶಾಲೆ ಬರುವ ತನಕ ನೋಡುತ್ತಲೇ ಇದ್ದಳು. ಉಳಿದ ಮಕ್ಕಳು ಎಂದಿನಂತೆ ಕಚ್ಚಾಡುತ್ತಿದ್ದರು. ಅವರ ಅಪ್ಪಂದಿರಿಗೆ ಏನೂ ಗೊತ್ತಿರಲಿಲ್ಲ.

ಅವಳು ಹೇಳಿಬಿಡಬೇಕೆಂದು ನಿರ್ಧರಿಸಿದಳು. ಹೇಳಿದರೆ ಗಾಡಿ ಹೋಗುತ್ತದೆ. ಗಾಡಿ ಹೋದರೆ ಒಲೆ ಆರುತ್ತದೆ. ಅದಕ್ಕಿಂತ ಹೆಚ್ಚಾಗಿ, ತನ್ನ ಚಿನ್ನದ ಕಿವಿ ಹೋಯಿತೆಂದು ತಿಳಿದ ಮೇಲೆ ಆ ಮನುಷ್ಯ ಯಾವ ಮುಖ ಹೊತ್ತು ಆ ಕುರ್ಚಿಯಲ್ಲಿ ಕೂರುತ್ತಾನೆ? ಆದರೂ ಹೇಳಲೇಬೇಕಿತ್ತು. ಮಕ್ಕಳನ್ನು ಶಾಲೆಯಲ್ಲಿ ಇಳಿಸಿ ಖಾಲಿ ಗಾಡಿಯಲ್ಲಿ ವಾಪಸಾಗುವಾಗ, ಬಾಗಿಲ ಬಳಿಯ ತನ್ನ ಸೀಟಿನಲ್ಲಿ ಕೂತು ಶುರು ಮಾಡಿದಳು.

"ರೀ, ಪೆಟ್ಟಿಗೆ ಸರಿ ಇದೆಯಂತೆ. ನಿಮ್ಮ ಎಡಗಿವೀನೇ ಒಂದ್ಸಲ ಡಾಕ್ಟರಿಗೆ ತೋರಿಸೋಣ. ಅಲ್ಲೀವರೆಗೂ ಗಾಡಿ ಬೇರೆ ಯಾರಾದ್ರೂ ಓಡಿಸ್ಲಿ."

ಅವನು ರಸ್ತೆ ನೋಡುತ್ತಿದ್ದ. ಅವನ ಪಕ್ಕದ ಕಿಟಕಿ ತೆರೆದಿತ್ತು. ಬಸ್ಸೊಂದು ಭರ್ರೆಂದು ಹಾದುಹೋಯಿತು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಅವಳು ಮುಂದಿನ ತಿರುವಿನ ತನಕ ಕಾದಳು. ತಿರುವು ದಾಟಿದ ಮೇಲೆ ಅವನು ಸಣ್ಣಗೆ ಒಂದು ಹಾಡು ಗುನುಗತೊಡಗಿದ. ಆ ಗುನುಗು ಅವಳನ್ನು ಕತ್ತರಿಸಿಹಾಕಿತು. ಗದರಿದ್ದರೆ ಸಹಿಸುತ್ತಿದ್ದಳು, ಕೈಯೆತ್ತಿದ್ದರೂ ಸಹಿಸುತ್ತಿದ್ದಳೇನೋ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರಲ್ಲ ಎಂದುಕೊಂಡು ಹೊರಗೆ ನೋಡುತ್ತ ಕೂತಳು. ಒಮ್ಮೆ ಆಡಿದ ಮಾತನ್ನು ಎರಡನೇ ಸಲ ಆಡಿ ಗೋಗರೆಯುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ನಿಜ ಹೇಳಬೇಕೆಂದರೆ, ಹೇಳಿಯಾಯಿತಲ್ಲ ಎಂಬ ಸಮಾಧಾನವೂ ಒಂದು ಚೂರು ಇತ್ತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು.

ಆದರೆ ದೊಣ್ಣೆ ಎಲ್ಲಿಗೂ ಹೋಗಿರಲಿಲ್ಲ. ಒಂದು ಬೆಳಿಗ್ಗೆ ಅವಳು ನಿಲ್ಲಿಸಲೆಂದು ತಟ್ಟಿದಳು; ಗಾಡಿ ನಿಲ್ಲಲಿಲ್ಲ, ಕಾಯುತ್ತಿದ್ದ ಮಕ್ಕಳನ್ನು ದಾಟಿ ಮುಂದೆ ಹೋಯಿತು. ಇನ್ನೊಂದು ದಿನವೂ ಹಾಗೇ ಆಯಿತು. ಅವಳು ಜೋರಾಗಿ ತಟ್ಟತೊಡಗಿದಳು. ಅದೂ ಸಾಲದಾದಾಗ, ಎರಡರಲ್ಲಿ ಒಂದಾದರೂ ಕೇಳಲಿ ಎಂದು ನಿಲ್ಲಿಸುವುದಕ್ಕೂ ಎರಡು ಸಲ ಬಡಿಯತೊಡಗಿದಳು. ಹೊರಡಲು ನಾಲ್ಕಾರು. ಇದನ್ನು ಗಂಡನಿಗೆ ಹೇಳಲಿಲ್ಲ. ಹೇಳಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಅವಳು ಎರಡು ಬಡಿದರೆ ಅವನಿಗೆ ಒಂದು ಕೇಳುತ್ತಿತ್ತು, ಗಾಡಿ ನಿಲ್ಲುತ್ತಿತ್ತು. ಎಷ್ಟು ಸಲೀಸಾಗಿ ನಡೆಯಿತೆಂದರೆ ಬರಬರುತ್ತ ಅವಳ ಹೆದರಿಕೆಯೇ ಮಲಗಿಬಿಟ್ಟಿತು. ಸವೆದ ತಗಡಿನಲ್ಲಿ ಅಂಗೈಯಗಲದ ತಗ್ಗು ಬಿದ್ದಿತು. ಮನೆಯಲ್ಲಿ ಅವನು ಮತ್ತೆ ಕೊನೆಯ ತನಕ ಎಡಕ್ಕೆ ತಿರುಗಿಸಿಟ್ಟ ಸದ್ದಿನ ಗುಂಡಿ ಅವನ ಕಿವಿಗೆ ಹೂವಿಟ್ಟ ಹಾಗೆ ಗಾಡಿಯಲ್ಲಿ ಅವಳು ಇಡುತ್ತಿದ್ದಳು. ಹಾಡುವವಳು ಮತ್ತೆ ನಡುವಿಗೆ ಬಂದಿದ್ದಾಳೆ ಎಂದು ಅವನು ಖುಷಿಯಾಗಿದ್ದ.

ಆ ದಿನ ಬೆಳಿಗ್ಗೆ ಎಲ್ಲವೂ ಸದ್ದಿಲ್ಲದೆ ಇತ್ತು. ಮೋಡ ಮುಸುಕಿ ಮಕ್ಕಳೆಲ್ಲ ತೂಕಡಿಸುತ್ತಿದ್ದರು. ಕೊನೆಯ ನಿಲ್ದಾಣ ಒಂದು ಕಿರಿದಾದ ಓಣಿ. ಅಲ್ಲಿ ಹತ್ತುವವಳು ಒಬ್ಬಳೇ, ವ್ಯಾನಿನಲ್ಲೆಲ್ಲ ಚಿಕ್ಕವಳು. ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ವ್ಯಾನಾಂಟಿ ಅವಳನ್ನು ಎತ್ತಿ ಒಳಗಿಟ್ಟು, ತಾನು ಮೆಟ್ಟಿಲ ಮೇಲೆ ನಿಂತು ಹೊರಡಲು ತಟ್ಟಿದಳು. ಗಾಡಿ ಮೆಲ್ಲಗೆ ಕದಲಿತು.

"ನನ್ ಶೂ!" ಎಂದಿತು ಗುಬ್ಬಿ. ಹೊರಗೆ ಬಿದ್ದ ಶೂ ಕಂಡದ್ದೇ, ವ್ಯಾನಾಂಟಿಯ ಕಂಕುಳ ಕೆಳಗಿನಿಂದ ನುಸುಳಿ ರಸ್ತೆಗೆ ಜಿಗಿಯಿತು. ಹಿಂದಿನ ಚಕ್ರದ ಮುಂದೆ ಬಗ್ಗಿತು.

ವ್ಯಾನಾಂಟಿ ಬಡಿದಳು. ನಿಲ್ಲಿಸು ಎಂದು, ಮೈಯಲ್ಲಿದ್ದ ಬಲವನ್ನೆಲ್ಲ ಕೈಗೆ ತಂದು, ರೂಢಿಯಂತೆ ಎರಡು ಸಲ ಬಡಿದಳು. ಓಣಿ ನಿಶ್ಶಬ್ದವಾಗಿತ್ತು, ಮಕ್ಕಳು ಸುಮ್ಮನಿದ್ದರು. ಆ ದಿನ ಅವನಿಗೆ ಎರಡೂ ಕೇಳಿದವು. ಎರಡೆಂದರೆ ಹೊರಡು. ಅವನು ವೇಗ ಕೊಟ್ಟ. ಅವಳು ಹುಚ್ಚಿಯ ಹಾಗೆ ಬಡಿದಳು, ಬಡಿದಷ್ಟೂ ಗಾಡಿ ಓಡಿತು. ಅವಳು ಧುಮುಕಿದಳು.

ಮಗುವಿನ ಬ್ಯಾಗಿನ ಪಟ್ಟಿ ಕೈಗೆ ಸಿಕ್ಕಿತು. ಎಳೆದಳು, ಇಬ್ಬರೂ ಚರಂಡಿಯ ಅಂಚಿಗೆ ಬಿದ್ದರು. ಚಕ್ರ ಶೂವಿನ ಮೇಲೆ ಹಾದುಹೋಯಿತು. ಗಾಡಿ ನಿಲ್ಲಲಿಲ್ಲ. ತೆರೆದ ಬಾಗಿಲು ಪಟಪಟ ಬಡಿದುಕೊಳ್ಳುತ್ತ ಅದು ಓಣಿಯ ಕೊನೆಯ ತನಕ ಹೋಯಿತು. ಎಡಗಡೆ ಕೂತ ಮಕ್ಕಳು "ಆಂಟಿ ಬಿದ್ರು, ಆಂಟಿ ಬಿದ್ರು" ಎಂದು ಕೂಗುತ್ತಿದ್ದರು. ಅವನಿಗೆ ಅದು ದಿನನಿತ್ಯದ ಗಲಾಟೆ. ಬೆನ್ನ ಹಿಂದಿದ್ದ ಮಗುವೊಂದು ಅಂಗಿಯ ಕಾಲರು ಹಿಡಿದು ಎಳೆದ ಮೇಲೆಯೇ ಅವನು ಬ್ರೇಕು ಒತ್ತಿದ್ದು.

ಅವನು ಓಡಿ ಬಂದ. ಹೆಂಡತಿ ರಸ್ತೆಯಲ್ಲಿ ಕೂತಿದ್ದಳು. ಮಡಿಲಲ್ಲಿ ಗುಬ್ಬಿ, ಪಕ್ಕದಲ್ಲಿ ಚಪ್ಪಟೆಯಾದ ಶೂ. ಅವಳ ಮೊಣಕೈ ಚರ್ಮ ಕಿತ್ತು ರಕ್ತ ಸೋರುತ್ತಿತ್ತು.

"ಎರಡು ತಟ್ಟಿದ್ಯಲ್ಲೇ ನೀನು," ಎಂದ. "ನಂಗೆ ಸರಿಯಾಗಿ ಕೇಳಿಸ್ತು. ಎರಡು ತಟ್ಟಿದ್ಯಲ್ಲೇ."

ಅವನು ಹೇಳಿದ್ದು ಸತ್ಯವಾಗಿತ್ತು. ಗುಬ್ಬಿಯ ತಾಯಿ ಮನೆಯಿಂದ ಬರಿಗಾಲಲ್ಲಿ ಓಡಿಬಂದು ಮಗುವನ್ನು ಕಿತ್ತುಕೊಂಡಳು. ಶೂ ಎತ್ತಿ ಒಮ್ಮೆ ನೋಡಿ, ಅಲ್ಲೇ ಬಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಮತ್ತೆ ಸ್ಟಿಯರಿಂಗ್ ಮುಂದೆ ಕೂರಲಿಲ್ಲ. ಶಾಲೆಗೆ ಫೋನು ಮಾಡಿದ. ಬೇರೆ ಗಾಡಿ ಬಂದು ಮಕ್ಕಳನ್ನು ಕರೆದೊಯ್ದಿತು. ಮನೆಗೆ ಇಬ್ಬರೂ ನಡೆದುಕೊಂಡೇ ಬಂದರು. ದಾರಿಯಲ್ಲಿ ಅವನು ಆ ತಗ್ಗಿನ ಬಗ್ಗೆ ಮಾತ್ರ ಕೇಳಿದ. "ತಗಡು ಅಷ್ಟು ಒಳಗೆ ಹೋಗಿದೆಯಲ್ಲೇ. ಯಾವಾಗ?"

ಸಂಜೆ ಅವನು ಎದ್ದು ಹೋಗಿ ಆ ಗುಂಡಿಯನ್ನು ತಾನೇ ನಡುವಿಗೆ ತಂದ. ಕುರ್ಚಿಯ ಕಾಲುಗಳು ಟೇಪಿನ ಮೇಲಿವೆಯೇ ಎಂದು ಬಗ್ಗಿ ನೋಡಿ ಕೂತ. ರಿಮೋಟನ್ನು ಅವಳ ಕೈಗಿಟ್ಟ.

"ಆ ರಿಪೇರಿಯವನು ಹಾಕಿದ್ನಲ್ಲ, ಆ ಸದ್ದು ಹಾಕು. ಸುಳ್ಳು ಹೇಳ್ಬೇಡ."

ಅವನು ಕಣ್ಣು ಮುಚ್ಚಿದ. ಅವಳು ಎಡ ಪೆಟ್ಟಿಗೆಯ ಪಕ್ಕ ನಿಂತು ಒತ್ತಿದಳು. ಶ್ ಎಂದಿತು. ಅವನ ಬೆರಳು ಕಿಟಕಿಯ ಕಡೆ ಹೋಯಿತು.

"ತಪ್ಪು," ಎಂದಳು.

"ಇನ್ನೊಂದ್ಸಲ."

ಮತ್ತೆ ಎಡ. ಮತ್ತೆ ಕಿಟಕಿ.

"ತಪ್ಪು ರೀ."

ಬೆರಳು ಗಾಳಿಯಲ್ಲಿ ಹಾಗೇ ನಿಂತಿತು. ಅವನು ಕಣ್ಣು ತೆರೆಯಲಿಲ್ಲ.

"ಯಾವತ್ತಿಂದ ಗೊತ್ತು ನಿಂಗೆ?"

"ರಿಪೇರಿಯವ್ರು ಬಂದ ದಿನದಿಂದ."

"ಹೇಳ್ಬೇಕಿತ್ತಲ್ಲೇ," ಎಂದ. ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು. "ಒಂದು ಮಾತು ಹೇಳಿದ್ರೆ ಅವತ್ತೇ ಕೀ ಕೊಟ್ಟುಬಿಡ್ತಿದ್ದೆ. ಅಷ್ಟೂ ಅರ್ಥ ಆಗಲ್ವಾ ನಂಗೆ? ಮಕ್ಕಳ ಗಾಡಿ ಕಣೇ ಅದು."

ಅವಳಿಗೆ ಆ ಖಾಲಿ ಗಾಡಿ ನೆನಪಾಯಿತು, ಭರ್ರೆಂದು ಹೋದ ಬಸ್ಸು, ತೆರೆದ ಕಿಟಕಿ, ಆ ಗುನುಗು. ತಾನು ಕೂತಿದ್ದ ಸೀಟು ಅವನ ಎಡ ಪಕ್ಕದ್ದೆಂಬುದೂ ನೆನಪಾಯಿತು. ಕೈಯಿಂದ ರಿಮೋಟು ಜಾರಿತು.

"ಹೇಳಿದ್ದೆ ರೀ," ಎಂದಳು. "ಬಾಗಿಲ ಹತ್ರ ಕೂತು ಹೇಳಿದ್ದೆ. ನೀವು ಹಾಡ್ಕೊಂಡು ಹೋಗ್ತಾ ಇದ್ರಿ."

ಅವನು ಕಣ್ಣು ತೆರೆದು, ಅವಳ ದನಿ ಬಂದ ಕಡೆಗೆಂದು ಕಿಟಕಿಯತ್ತ ತಿರುಗಿದ. ಅಲ್ಲಿ ಪರದೆ ಮಾತ್ರ ಇತ್ತು. ಅವನು ಅಲ್ಲೇ ಅವಳನ್ನು ಹುಡುಕುತ್ತಿದ್ದ. ಅವಳು ಎಡ ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದಳು.